ಸಿಇಟಿ ಓಟದಲ್ಲಿ ಕುತೂಹಲಕ್ಕೆ ಜಾಗವಿದೆಯೇ?

ಪ್ರಶ್ನೆ (ಪೋಷಕರು):
ನನ್ನ ಮಗಳು ದ್ವಿತೀಯ ಪಿಯುಸಿ ವಿಜ್ಞಾನ ಓದುತ್ತಿದ್ದಾಳೆ. ಎಂಜಿನಿಯರಿಂಗ್ ಮುಂತಾದ ಕೋರ್ಸ್‌ಗಳ ಪ್ರವೇಶ ಪರೀಕ್ಷೆಯಾದ ಸಿಇಟಿಯಲ್ಲಿ ಪ್ರತಿ ವಿಷಯಕ್ಕೆ 80 ನಿಮಿಷಗಳಲ್ಲಿ 60 ಪ್ರಶ್ನೆಗಳನ್ನು ಬಿಡಿಸಬೇಕಾದ್ದರಿಂದ, ‘ಹೀಗೇಕೆ?’ ಎಂದು ಕೇಳುತ್ತ ಕೂರುವ ಅವಳ ಸ್ವಭಾವವೇ ತೊಡಕೆಂದು ಉಪನ್ಯಾಸಕರು ಹೇಳುತ್ತಾರೆ. ಲಕ್ಷಾಂತರ ಮಕ್ಕಳನ್ನು ನ್ಯಾಯವಾಗಿ ಆರಿಸಲು ಬೇರೆ ದಾರಿ ಇಲ್ಲವೇ?

ಉತ್ತರ 1 (ನಿವೃತ್ತ ಉಪನ್ಯಾಸಕ):
ಎಲ್ಲರಿಗೂ ಒಂದೇ ಪ್ರಶ್ನೆಪತ್ರಿಕೆ ಎಂಬುದನ್ನು ಹಗುರವಾಗಿ ಕಾಣಬೇಡಿ. ಸಂದರ್ಶನ, ಶಿಫಾರಸು ಪತ್ರಗಳಿಂದ ಕುತೂಹಲವನ್ನು ಅಳೆಯಬಹುದೆನ್ನುವವರಿದ್ದಾರೆ. ಆದರೆ ನಮ್ಮಲ್ಲಿ ಅವು ಇಂಗ್ಲಿಷ್ ಬಲ್ಲವರಿಗೆ, ಪರಿಚಯದ ಬಲವುಳ್ಳವರಿಗೆ ಮಾತ್ರ ಒಲಿಯುತ್ತವೆ. ರಾಯಚೂರು ಜಿಲ್ಲೆಯ ದೇವದುರ್ಗದ ವಿದ್ಯಾರ್ಥಿಗೆ, ಹೆಸರು ನೋಡದೆ ಯಂತ್ರ ತಿದ್ದುವ ಒಎಂಆರ್ ಹಾಳೆಯೇ ಹೆಚ್ಚು ನಂಬಿಕಸ್ಥ. ಗ್ರಾಮೀಣ ಭಾಗದಲ್ಲಿ ಅಥವಾ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಮೀಸಲಾತಿಯೂ, ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಮೀಸಲಾತಿ ಕೊಡುವ ಸಂವಿಧಾನದ 371ಜೆ ವಿಧಿಯೂ ಇರುವುದು, ಆ ಹಾಳೆಯೊಂದೇ ಸಾಲದೆಂಬ ಅರಿವಿನಿಂದ.

ಉತ್ತರ 2 (ಪಿಯು ಉಪನ್ಯಾಸಕಿ):
ಒಪ್ಪುತ್ತೇನೆ, ಆದರೆ ಕೋಚಿಂಗ್ ಶುಲ್ಕ ಕಟ್ಟಿದವರು ಯಾರೆಂಬುದೂ ಆ ಯಂತ್ರಕ್ಕೆ ಕಾಣುವುದಿಲ್ಲ. ಎಂಜಿನಿಯರಿಂಗ್ ಶ್ರೇಯಾಂಕದಲ್ಲಿ ಪಿಯುಸಿ ಅಂಕಗಳಿಗೆ ಅರ್ಧ ಪಾಲು ಇದೆ ಎನ್ನುವುದು ಸಮಾಧಾನದ ಸಂಗತಿಯೇ. ಆದರೂ ಕುತೂಹಲ ಸಾಯುವುದು ಪರೀಕ್ಷಾ ಕೊಠಡಿಯಲ್ಲಲ್ಲ. ವರ್ನಿಯರ್ ಕ್ಯಾಲಿಪರ್ಸ್ ಮುಟ್ಟದೆಯೇ ಗೆಳತಿಯ ಅಳತೆಗಳನ್ನು ರೆಕಾರ್ಡ್ ಪುಸ್ತಕಕ್ಕೆ ಇಳಿಸಿಕೊಳ್ಳುವ ಪ್ರಯೋಗಾಲಯದಲ್ಲಿ.

ಪ್ರಶ್ನಿಸಿದವರು:
ಹಾಗಾದರೆ ಮುಂದಿನ ಪೋಷಕರ ಸಭೆಯಲ್ಲಿ ಪ್ರಯೋಗಾಲಯದ ವೇಳಾಪಟ್ಟಿಯನ್ನೇ ಕೇಳುತ್ತೇನೆ.