ಲಾಮಾದ ಒಳಗೂದಲಿಗೆ 'ತುಪ್ಪಳ' ಎನ್ನಬಹುದೇ?

ಮಡಿಕೇರಿಯಲ್ಲಿ ನೂಲು ಕಲಿಯುವವರಿಗಾಗಿ ಕನ್ನಡದಲ್ಲಿ ಕೈಪಿಡಿ ಸಿದ್ಧವಾಗುತ್ತಿದೆ. ಅದರ ಕೆಲವು ಪದಗಳ ಬಗ್ಗೆ ಬಲ್ಲವರ ಅಭಿಪ್ರಾಯ ಬೇಕು.

ಮೊದಲು ಹೆಸರು. 'ಲಾಮಾ ಉಣ್ಣೆ' ಎಂದರೆ ಕುಶಾಲನಗರದ ಕಡೆಯವರಿಗೆ ಥಟ್ಟನೆ ಹೊಳೆಯುವುದು ಬೈಲುಕುಪ್ಪೆಯ ಟಿಬೆಟನ್ ಸನ್ಯಾಸಿಗಳು, ದಕ್ಷಿಣ ಅಮೆರಿಕದ ಆಂಡಿಸ್ ಬೆಟ್ಟಗಳ ಪ್ರಾಣಿಯಲ್ಲ. ಒಂದು ಟಿಬೆಟನ್ ಪದ, ಇನ್ನೊಂದು ಆಂಡಿಸ್ ಕಡೆಯ ಕ್ವೆಚುವಾ ಭಾಷೆಯದು. ಕನ್ನಡ ಲಿಪಿಯಲ್ಲಿ ಎರಡೂ ಒಂದೇ. ಸ್ಪ್ಯಾನಿಷಿನವರಂತೆ 'ಯಾಮಾ' ಎಂದು ಬರೆದರೆ ಯಾರಿಗೂ ಗುರುತು ಸಿಗದು. ಮೊದಲ ಸಲ 'ಲಾಮಾ ಪ್ರಾಣಿ' ಎಂದು ಬರೆದರೆ ಸಾಕು.

ನಿಜವಾದ ತೊಡಕು 'ಉಣ್ಣೆ'ಯದು. ಆ ಮಾತು ಕೇಳಿದೊಡನೆ ಕುರಿಯ ಜಿಡ್ಡು ನೆನಪಾಗಿ, ಕಲಿಯುವವರು ಸುಡುನೀರಿಗೆ ಸೋಪು ಸುರಿಯುತ್ತಾರೆ. ಲಾಮಾಕ್ಕೆ ಜಿಡ್ಡು ತೀರಾ ಕಡಿಮೆ. ಅದು ಮಣ್ಣಲ್ಲಿ ಹೊರಳುವ ಪ್ರಾಣಿ, ಆದ್ದರಿಂದ ಕೂದಲ ತುಂಬ ಧೂಳು, ಹುಲ್ಲುಕಡ್ಡಿ. ಮೊದಲು ಜಾಲರಿಯ ಮೇಲೆ ಹರಡಿ ಚೆನ್ನಾಗಿ ಕೊಡವಬೇಕು. ಆಮೇಲೆ ಉಗುರುಬೆಚ್ಚಗಿನ ನೀರಲ್ಲಿ ತುಸು ಸೋಪು ಕದಡಿ, 20 ನಿಮಿಷ ಅಲುಗಿಸದೆ ನೆನೆಸಿದರಾಯಿತು. ತಿಕ್ಕಿದರೆ ಗಂಟುಗಟ್ಟುತ್ತದೆ.

ಇನ್ನು, ಬಹುಪಾಲು ಲಾಮಾಗಳ ಮೈಮೇಲೆ ಎರಡು ಪದರ ಕೂದಲಿರುತ್ತದೆ. ಹೊರಗಿನದು ಉದ್ದ, ದಪ್ಪ, ನೆಟ್ಟಗೆ. ಒಳಗಿನದು ಸುಮಾರು 20ರಿಂದ 30 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ ಒಂದು ಮೈಕ್ರಾನ್) ದಪ್ಪ, ಮೆತ್ತಗೆ. ಒಂದು ಚಿಟಿಕೆಯಷ್ಟನ್ನು ಬುಡದಲ್ಲಿ ಹಿಡಿದು, ತುದಿಯಲ್ಲಿ ಚಾಚಿಕೊಂಡ ಒರಟು ಕೂದಲನ್ನಷ್ಟೇ ಇನ್ನೊಂದು ಕೈಯಿಂದ ಎಳೆದರೆ ಜಾರಿ ಬರುತ್ತದೆ. ಮೆತ್ತನೆಯದು ಬೆರಳಲ್ಲೇ ಉಳಿಯುತ್ತದೆ. ಈ ಕೆಲಸ ಬಿಟ್ಟರೆ ಒರಟು ಕೂದಲು ಹುರಿಯೊಡನೆ, ಅಂದರೆ ಎಳೆಗಳ ತಿರುಚಿನೊಡನೆ, ಬಾಗದೆ ನೂಲಿನಿಂದ ಹೊರಗೆ ನಿಲ್ಲುತ್ತದೆ, ಕುತ್ತಿಗೆಗೆ ಸುತ್ತಿದರೆ ಚುಚ್ಚುತ್ತದೆ. ಹಾಗಂತ ಅದನ್ನು ಎಸೆಯಬೇಕಿಲ್ಲ, ಹಗ್ಗಕ್ಕೆ ಬಹಳ ಒಳ್ಳೆಯದು.

ಹೊರಗಿನದಕ್ಕೆ 'ಬಿರುಗೂದಲು', ಒಳಗಿನದಕ್ಕೆ 'ತುಪ್ಪಳ' ಎಂದಿಟ್ಟಿದ್ದೇವೆ. ಹಕ್ಕಿಯ ಎದೆಯ ಎಳೆಗರಿಗೂ ಮೊಲದ ಮೈಗೂದಲಿಗೂ ಸಲ್ಲುವ ಪದ, ಕಿವಿಗೂ ಹಿತ. ಆದರೆ ಉತ್ತರ ಕರ್ನಾಟಕದಲ್ಲಿ ಕುರಿಯಿಂದ ಕತ್ತರಿಸಿದ ಉಣ್ಣೆಗೇ 'ತುಪ್ಪಟ' ಎನ್ನುತ್ತಾರೆ. ಒಂದಕ್ಷರದ ವ್ಯತ್ಯಾಸ ಗೊಂದಲ ತರಬಹುದೇ?

ಬಿರುಗೂದಲು ತೆಗೆಯುವ ಕೆಲಸಕ್ಕೆ 'ಹೆಕ್ಕು' ಹೊಂದುತ್ತದೆ ಎಂಬುದು ನನ್ನ ಅನಿಸಿಕೆ; ಉದುರಿದ ಕಾಫಿ ಹೆಕ್ಕುವ ನಾಡಿನಲ್ಲಿ ಅದನ್ನು ಬಿಡಿಸಿ ಹೇಳಬೇಕಿಲ್ಲ. 'ಹಿಂಜು' ಬೇರೆ ಕೆಲಸ, ಅದು ಒತ್ತಾದ ಎಳೆಗಳನ್ನು ಸಡಿಲಿಸುವುದು. ಹಿಂಜಿ, ಬಾಚಿ ಸುತ್ತಿದ ಸುರುಳಿಗೆ ಹತ್ತಿಯವರ 'ಹಂಜಿ'ಯನ್ನೇ ಬಳಸಿದ್ದೇವೆ.

'ಹುರಿ'ಯ ಬಗ್ಗೆ ಅನುಮಾನವಿಲ್ಲ. ಲಾಮಾದ ಎಳೆ ನುಣುಪು, ಕುರಿ ಉಣ್ಣೆಯ ಗುಂಗುರು ಅದಕ್ಕಿಲ್ಲ. ಕುರಿ ಉಣ್ಣೆಗೆ ಹಾಕುವಷ್ಟೇ ಹುರಿ ಹಾಕಿದರೆ ಎಳೆಗಳು ಜಾರಿ, ನೂಲುವ ಕದಿರು ನೆಲಕ್ಕೆ ಬೀಳುತ್ತದೆ.

ತುಪ್ಪಳ, ಹೆಕ್ಕು, ಹಂಜಿ ಈ ಮೂರರ ಬಗ್ಗೆ ಕಂಬಳಿ ನೇಯುವವರ ಮಾತು ಬಲ್ಲವರು ತಿಳಿಸಬೇಕು. ಮೊಲದ ಮೆತ್ತನೆ ಕೂದಲಿಗೆ ಕೊಡವರ ಭಾಷೆಯಾದ ಕೊಡವ ತಕ್ಕ್‌ನಲ್ಲಿ ಏನೆನ್ನುತ್ತಾರೆ?