ಮಗನಿಗೆ ಗಣಿತದ ಕೀಬೋರ್ಡ್ ಮಾಡಬೇಕು, ಮಾಡಿದವರು ಇದ್ದೀರಾ?

ಕೇಳಿದ್ದು:
ಮಗನಿಗೆ ಹತ್ತು ವರ್ಷ. ಸೆರೆಬ್ರಲ್ ಪಾಲ್ಸಿ ಇದೆ, ಕೈ ನಡುಗುತ್ತದೆ. ಬಾಯಲ್ಲಿ ಲೆಕ್ಕ ಚೆನ್ನಾಗಿ ಹೇಳುತ್ತಾನೆ, ಬರೆಯಲು ಆಗುವುದಿಲ್ಲ. ನಂಬರ್ ಪ್ಯಾಡ್ ಕೊಟ್ಟು ನೋಡಿದೆ. ಕೀಗಳು ಚಿಕ್ಕವು, ಎರಡೆರಡು ಒಟ್ಟಿಗೆ ಒತ್ತಿಬಿಡುತ್ತಾನೆ. ಅಂಕಿ, ಚಿಹ್ನೆ, ಭಿನ್ನರಾಶಿ, ವರ್ಗಮೂಲ ಎಲ್ಲ ಸೇರಿಸಿ ಮೂವತ್ತು ಕೀಗಳ ಕೀಬೋರ್ಡ್ ನಾನೇ ಮಾಡೋಣ ಅಂತಿದ್ದೇನೆ. ಸೋಲ್ಡರಿಂಗ್ ಸ್ವಲ್ಪ ಬರುತ್ತದೆ. ಎಲ್ಲಿಂದ ಶುರು ಮಾಡಲಿ?

ಮಗಳಿಗೆ ಮಾಡಿಕೊಟ್ಟ ಒಬ್ಬ ಅಪ್ಪ:
ಸೋಲ್ಡರಿಂಗ್ ಆಮೇಲೆ. ಮೊದಲು ಒಂದು ರಟ್ಟು ತಗೊಳ್ಳಿ. ನಾನು ಹುಮ್ಮಸ್ಸಿನಲ್ಲಿ 28 ಕೀ ಜೋಡಿಸಿದೆ, ಮಗಳು ಮುಟ್ಟಿದ್ದು ಹದಿನಾಲ್ಕೇ. ರಟ್ಟಿನ ಮೇಲೆ ಚೌಕ ಬರೆಯಿರಿ. ನೀವು ಲೆಕ್ಕ ಹೇಳಿ, ಅವನು ಬೆರಳಿಟ್ಟು ತೋರಿಸಲಿ. ಬೆರಳು ಬಿದ್ದಲ್ಲೆಲ್ಲ ಪೆನ್ಸಿಲಿನಲ್ಲಿ ಚುಕ್ಕೆ ಇಡುತ್ತಾ ಹೋಗಿ. ಕೀ ಎಷ್ಟು ದೊಡ್ಡದಿರಬೇಕು ಅಂತ ಆ ಚುಕ್ಕೆಗಳೇ ಹೇಳುತ್ತವೆ. ಮಾಮೂಲಿ ಕೀಬೋರ್ಡಿನಲ್ಲಿ ಒಂದು ಕೀಯ ನಡುವಿನಿಂದ ಪಕ್ಕದ ಕೀಯ ನಡುವಿಗೆ ಸುಮಾರು 19 ಮಿ.ಮೀ. ನಮಗೆ 35 ಬೇಕಾಯಿತು.

ಒಳಗಿನ ಬೋರ್ಡಿಗೆ ರಾಸ್ಪ್‌ಬೆರಿ ಪೈ ಪಿಕೋ ಸಾಕು, ಅದು ನಾವೇ ಪ್ರೋಗ್ರಾಂ ಬರೆದು ಹಾಕಬಹುದಾದ ಪುಟ್ಟ ಸರ್ಕಿಟ್ ಬೋರ್ಡ್. ಸರ್ಕಿಟ್‌ಪೈಥಾನ್ (ಇಂಥ ಬೋರ್ಡುಗಳಿಗೆ ಪ್ರೋಗ್ರಾಂ ಬರೆಯುವ ಭಾಷೆ) ಹಾಕಿ ಬರೆದರೆ ಕಂಪ್ಯೂಟರ್ ಅದನ್ನು ಕೀಬೋರ್ಡ್ ಅಂತಲೇ ನಂಬುತ್ತದೆ. ತಂತಿ ಜೋಡಿಸಲು 26 ಪಿನ್ ಸಿಗುತ್ತವೆ. ಕೀಗಳು ಅಷ್ಟರೊಳಗಿದ್ದರೆ ಕೀಗೊಂದು ಪಿನ್ ಕೊಡಿ. ಕೀಗಳನ್ನು ಅಡ್ಡ-ಉದ್ದ ಸಾಲುಗಳಲ್ಲಿ ಜೋಡಿಸಿ ಪಿನ್ ಉಳಿಸುವ ಮ್ಯಾಟ್ರಿಕ್ಸ್, ಅದಕ್ಕೆ ಬೇಕಾದ ಡಯೋಡ್, ಇವುಗಳ ಗೋಜೇ ಬೇಡ.

ನನ್ನ ತಲೆ ತಿಂದದ್ದು ಚಿಹ್ನೆಗಳು. ಕೀಬೋರ್ಡ್ ಕಳಿಸುವುದು ಕೀಯ ಸಂಖ್ಯೆಯನ್ನು, ಅಕ್ಷರವನ್ನಲ್ಲ. ಹಾಗಾಗಿ × ಅನ್ನು ನೇರವಾಗಿ ಕಳಿಸಲು ಬರುವುದಿಲ್ಲ. ವಿಂಡೋಸ್‌ನಲ್ಲಿ ಆಲ್ಟ್ ಹಿಡಿದು 0215 ಒತ್ತಿದರೆ ×, 0247 ಒತ್ತಿದರೆ ÷. ಬೋರ್ಡ್ ಅದನ್ನೇ ಮಾಡುವಂತೆ ಬರೆದೆ. ಆದರೆ ನಂಬರ್ ಪ್ಯಾಡಿನ ಅಂಕಿಗಳನ್ನೇ ಕಳಿಸಬೇಕು, ಮೇಲಿನ ಸಾಲಿನವು ನಡೆಯುವುದಿಲ್ಲ. ಇಷ್ಟು ಗೊತ್ತಾಗಲು ಎರಡು ರಾತ್ರಿ ಹೋಯಿತು! ಭಿನ್ನರಾಶಿಗೆ ಬೇರೆ ಕೀ ಬೇಡ. ವರ್ಡ್‌ನಲ್ಲಿ ಆಲ್ಟ್ ಜೊತೆ = ಒತ್ತಿದರೆ ಸಮೀಕರಣದ ಚೌಕ ತೆರೆಯುತ್ತದೆ. ಅಲ್ಲಿ 3/4 ಬರೆದು ಸ್ಪೇಸ್ ಕೊಟ್ಟರೆ 3 ಮೇಲೆ, 4 ಕೆಳಗೆ ಹೋಗಿ ಕೂರುತ್ತವೆ. ಚೌಕ ತೆರೆಯಲು ಒಂದು ಕೀ ಇಟ್ಟರೆ ಆಯಿತು.

ವಿಶೇಷ ಮಕ್ಕಳಿಗೆ ಗಣಿತ ಹೇಳಿಕೊಡುವ ಟೀಚರ್:
ಚಿಹ್ನೆ ಹೇಗೋ ಆಗುತ್ತದೆ. ನಿಜವಾದ ತಲೆನೋವು ಕರ್ಸರ್. 47ಕ್ಕೆ 38 ಕೂಡಿಸುವಾಗ ಮಗು ಮೊದಲು ಬರೆಯುವುದು ಬಿಡಿ ಸ್ಥಾನದ 5. ಆಮೇಲೆ ಅದರ ಎಡಕ್ಕೆ 8. ಕರ್ಸರ್ ಓಡುವುದು ಬಲಕ್ಕೆ. ಪರದೆಯ ಮೇಲೆ 58 ಬರುತ್ತದೆ. ಲೆಕ್ಕ ಸರಿ, ಉತ್ತರ ತಪ್ಪು, ಬೈಸಿಕೊಳ್ಳುವುದು ಮಗು.

ನಾವು ಎಕ್ಸೆಲ್‌ನಲ್ಲಿ ಮನೆಗೊಂದು ಅಂಕಿ ಇಟ್ಟು ಮಾಡಿಸುತ್ತೇವೆ. ಶಿಫ್ಟ್ ಮತ್ತು ಟ್ಯಾಬ್ ಒತ್ತಿದರೆ ಕರ್ಸರ್ ಎಡದ ಮನೆಗೆ ಹೋಗುತ್ತದೆ. 'ಉತ್ತರ' ಅನ್ನುವ ಒಂದು ಕೀ ಮಾಡಿ. ಅದನ್ನು ಒಮ್ಮೆ ಒತ್ತಿದರೆ ಮುಂದಿನ ಪ್ರತಿ ಅಂಕಿ ಬಿದ್ದ ತಕ್ಷಣ ಬೋರ್ಡ್ ಶಿಫ್ಟ್-ಟ್ಯಾಬ್ ಕಳಿಸಲಿ. ಕೀ ಪಕ್ಕ ಒಂದು ಸಣ್ಣ ದೀಪ ಇರಲಿ, ಇಲ್ಲದಿದ್ದರೆ ಯಾವ ಸ್ಥಿತಿಯಲ್ಲಿದೆ ಅಂತ ನಿಮಗೂ ಗೊತ್ತಾಗುವುದಿಲ್ಲ.

ಇನ್ನೊಂದು. ಫೋನಿನಲ್ಲಿ 1-2-3 ಮೇಲಿರುತ್ತದೆ, ಕ್ಯಾಲ್ಕುಲೇಟರ್‌ನಲ್ಲಿ 7-8-9. ಅವನ ಕೈಗೆ ಯಾವುದು ಅಭ್ಯಾಸವೋ ಅದನ್ನೇ ಇಡಿ. ಒಮ್ಮೆ ಇಟ್ಟ ಮೇಲೆ ಬದಲಾಯಿಸಬೇಡಿ. ವರ್ಗಮೂಲ ಕಲಿಯುವವರೆಗೆ ಆ ಜಾಗ ಸುಮ್ನೆ ಮುಚ್ಚಿಡಿ, ಉಳಿದವನ್ನು ಸರಿಸಬೇಡಿ. + ಮತ್ತು × ಅಕ್ಕಪಕ್ಕ ಬೇಡವೇ ಬೇಡ. ಸ್ವಲ್ಪ ಓರೆಯಾಗಿ ಕೂತು ನೋಡಿದರೆ ಎರಡೂ ಒಂದೇ, ಅಲ್ವಾ?

ಆಕ್ಯುಪೇಷನಲ್ ಥೆರಪಿಸ್ಟ್ (ದಿನನಿತ್ಯದ ಕೆಲಸ ಮಾಡಿಕೊಳ್ಳಲು ತರಬೇತಿ ಕೊಡುವವರು) ಒಬ್ಬರು:
ಕೀಗಳ ಮೇಲೆ ತೂತುಗಳಿರುವ ಹಲಗೆ ಕೂರಿಸಿ. ಕೈಯನ್ನು ಅದರ ಮೇಲೆ ಊರಿ, ಬೆರಳನ್ನು ತೂತಿಗೆ ಇಳಿಸಬಹುದು. ನಡುಗುವ ಕೈಗೆ ಇದಕ್ಕಿಂತ ದೊಡ್ಡ ಉಪಕಾರ ಇಲ್ಲ. ತುಂಬ ಹಗುರದ ಸ್ವಿಚ್ ಸವರಿದರೂ ಒತ್ತಿಹೋಗುತ್ತದೆ, ಗಟ್ಟಿಯದಾದರೆ ಕೈ ಸೋಲುತ್ತದೆ. ಎರಡು ಮೂರು ಬಗೆ ಒತ್ತಿಸಿ ನೋಡಿ. ಅಳಿಸುವ ಕೀಯನ್ನು ದೂರದ ಮೂಲೆಗೆ ಹಾಕಿ.

ಒತ್ತಿದ ಕೀಯೇ ಅರ್ಧ ಸೆಕೆಂಡಿನೊಳಗೆ ಮತ್ತೆ ಒತ್ತಿದರೆ ಬೋರ್ಡ್ ಅದನ್ನು ಬಿಟ್ಟುಬಿಡಲಿ. ಅದಕ್ಕಿಂತ ಜಾಸ್ತಿ ಬೇಡ, 77 ಬರೆಯುವಾಗ ಮಗು ಕಾಯಬೇಕಾಗುತ್ತದೆ. ವಿಂಡೋಸ್‌ನ ಫಿಲ್ಟರ್ ಕೀಸ್ ಕೂಡ ಇದನ್ನು ಮಾಡುತ್ತದೆ. ಆದರೆ ಆ ಸೆಟ್ಟಿಂಗ್ ಕಂಪ್ಯೂಟರಿನಲ್ಲೇ ಉಳಿಯುತ್ತದೆ, ಬೋರ್ಡಿನಲ್ಲಿದ್ದರೆ ಅವನ ಜೊತೆ ತರಗತಿಗೂ ಹೋಗುತ್ತದೆ.

ಕೇಳಿದವರು, ಮೂರು ದಿನದ ನಂತರ:
ರಟ್ಟಿನಲ್ಲಿ ಮಾಡಿಸಿದೆ. ಅವನು ಬಳಸಿದ್ದು ಹದಿನಾರು ಚೌಕ. ಆದರೆ ಚುಕ್ಕೆಗಳೆಲ್ಲ ಚೌಕದ ಕೆಳಗೆ, ಬಲಕ್ಕೇ ಬಿದ್ದಿವೆ. ಚೌಕ ಇನ್ನೂ ದೊಡ್ಡದು ಮಾಡಲಾ, ರಟ್ಟನ್ನೇ ಓರೆ ಇಡಲಾ?

ಥೆರಪಿಸ್ಟ್:
ಎರಡೂ ಈಗಲೇ ಬೇಡ. ಮೊದಲು ಕುರ್ಚಿ ನೋಡಿ, ಮೈ ವಾಲಿದರೆ ಬೆರಳೂ ಪಕ್ಕಕ್ಕೆ ಬೀಳುತ್ತದೆ. ಕೂತಾಗ ಅವನ ಪಾದ ನೆಲಕ್ಕೆ ತಾಗುತ್ತದಾ?