ಇಯರ್‌ಪ್ಲಗ್: ಚೆಂಡೆಯವರ ಕಿವಿಗೆ ಬಿರಡೆಯೇ, ಕಾಪೇ?

ಬಳಗದ ಎಲ್ಲರಿಗೂ ನಮಸ್ಕಾರ.

ಯಕ್ಷಗಾನದ ಹಿಮ್ಮೇಳದವರಿಗೆ, ಅದರಲ್ಲೂ ಚೆಂಡೆಯವರಿಗೆ, ಕಿವಿ ಉಳಿಸಿಕೊಳ್ಳುವ ಬಗೆ ತಿಳಿಸುವ ಎರಡು ಪುಟದ ಕರಪತ್ರ ಬರೆಯುತ್ತಿದ್ದೇನೆ. ಅದರ ಕೆಲವು ಪದಗಳ ಬಗ್ಗೆ ನಿಮ್ಮ ಅಭಿಪ್ರಾಯ ಬೇಕು. ಬಡಗುತಿಟ್ಟಿನ ಯಕ್ಷಗಾನದವರು ಚಂಡೆ ಎನ್ನುತ್ತಾರೆಂಬುದು ಗೊತ್ತಿದೆ. ಆ ವ್ಯಾಜ್ಯ ಇನ್ನೊಂದು ದಿನಕ್ಕಿರಲಿ. ‘ಇಯರ್‌ಪ್ಲಗ್’ ಎಂದೇ ಬರೆದು ಕೈತೊಳೆದುಕೊಳ್ಳಬಹುದಿತ್ತು, ಅಂಗಡಿಯಲ್ಲಿ ನಡೆಯುವ ಹೆಸರೂ ಅದೇ. ಆದರೆ ಆ ಒಂದು ಹೆಸರಿನಡಿ ಗುಣದಲ್ಲಿ ತೀರ ಬೇರೆಯಾದ ಎರಡು ವಸ್ತುಗಳಿವೆ. ಕೊಳ್ಳುವವನಿಗೆ ಆ ಭೇದ ಹೆಸರಿನಲ್ಲೇ ತಿಳಿಯಬೇಕೆಂಬುದು ನನ್ನ ಹಟ.

ಮೊದಲನೆಯದು ಕಾರ್ಖಾನೆಯವರು ಬಳಸುವ ಸ್ಪಂಜಿನ ತುಂಡು. ಬೆರಳಲ್ಲಿ ಹೊಸೆದು ಕಿವಿಗೆ ತೂರಿಸಿದರೆ ಒಳಗೆ ಉಬ್ಬಿ ಕೂರುತ್ತದೆ. ಯಂತ್ರದ ಮುಂದೆ ಒಳ್ಳೆಯದೇ. ಆದರೆ ಅದು ಮಂದ್ರದ (ಕೆಳಗಿನ ಶ್ರುತಿಯ) ಸದ್ದಿಗಿಂತ ತಾರದ (ಮೇಲಿನ ಶ್ರುತಿಯ) ಸದ್ದನ್ನು ಹೆಚ್ಚು ನುಂಗುತ್ತದೆ. ಚಕ್ರತಾಳದ ಹೊಳಪು ಹೋಗುತ್ತದೆ, ಕೋಲಿನ ಪೆಟ್ಟಿನ ಮೊನೆ ಹೋಗುತ್ತದೆ, ಹಾಡುವ ಭಾಗವತರ ಸಾಹಿತ್ಯದಲ್ಲಿ ಸಕಾರ ತಕಾರಗಳು ಕಲಸಿಹೋಗುತ್ತವೆ, ಮದ್ದಳೆಯ ಗುಂಕಾರ ಮಾತ್ರ ಉಳಿಯುತ್ತದೆ. ಹೀಗಾದ ಮೇಲೆ ಯಾವ ಕಲಾವಿದ ಅದನ್ನು ಇಟ್ಟುಕೊಂಡಾನು? ಏರುಪದ (ಬಿರುಸಿನ ಹಾಡು) ಶುರುವಾಗುವ ಹೊತ್ತಿಗೆ, ಅಂದರೆ ಅದು ನಿಜವಾಗಿ ಬೇಕಾದ ಹೊತ್ತಿಗೆ, ಕಿತ್ತು ಜೇಬಿಗೆ ಹಾಕಿರುತ್ತಾನೆ.

ಎರಡನೆಯದು ಸಂಗೀತಗಾರರಿಗೆಂದೇ ಮಾಡಿದ್ದು. 1988ರಲ್ಲಿ ಅಮೆರಿಕದ ಎಟಿಮೋಟಿಕ್ ಎಂಬ ಸಂಸ್ಥೆ ಹೊರತಂದದ್ದು ಇದರ ಹೆಸರಾಂತ ಮಾದರಿ. ತೆರೆದ ಕಿವಿಯ ನಾಳ 3000 ಹರ್ಟ್ಸ್‌ನ ಆಸುಪಾಸಿನ ಸದ್ದನ್ನು ತಾನಾಗಿಯೇ ಎತ್ತಿ ಕೊಡುತ್ತದೆ. ನಾಳವನ್ನು ಮುಚ್ಚಿದೊಡನೆ ಆ ಲಾಭ ನಷ್ಟ. ಈ ಸಾಧನದ ಪುಟ್ಟ ಪೊರೆ ಮತ್ತು ಕೊಳವೆ ಆ ನಷ್ಟವನ್ನು ತುಂಬಿಕೊಡುತ್ತವೆ. ಹಾಗಾಗಿ ಮಂದ್ರದಿಂದ ತಾರದವರೆಗೆ ಎಲ್ಲವೂ ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ ಕಡಿಮೆಯಾಗುತ್ತದೆ. ಕಿವಿಯ ಅಚ್ಚು ತೆಗೆಸಿ ಮಾಡಿಸಿದರೆ 9, 15, 25 ಡೆಸಿಬಲ್‌ಗಳಲ್ಲಿ ಬೇಕಾದುದನ್ನು ಕೂರಿಸಿಕೊಳ್ಳಬಹುದು.

ಹೆಚ್ಚು ತಡೆಯುವ 25 ಇರುವಾಗ 15 ಯಾಕೆ ಎಂದು ಕೇಳುವವರಿದ್ದಾರೆ. 85 ಡೆಸಿಬಲ್ಲಿಗೆ ದಿನಕ್ಕೆ ಎಂಟು ಗಂಟೆ, ಆಮೇಲೆ ಪ್ರತಿ 3 ಡೆಸಿಬಲ್ ಏರಿಕೆಗೂ ಹೊತ್ತು ಅರ್ಧಕ್ಕೆ ಇಳಿಕೆ, ಇದು ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ಹೇಳುವ ಮಿತಿ. ಆ ಲೆಕ್ಕದಲ್ಲಿ 94ಕ್ಕೆ ಒಂದು ಗಂಟೆ, 100ಕ್ಕೆ ಕಾಲು ಗಂಟೆ. ಸರಿಯಾಗಿ ಕೂತ 15ರ ಸಾಧನ ಇದ್ದರೆ ಆ 100 ಕಿವಿಗೆ 85 ಆಗಿ ಮುಟ್ಟುತ್ತದೆ. ಕಾಲಮಿತಿಯ ಆಟವೇನು, ಇರುಳಿಡೀ ಆಟಕ್ಕೂ ಸಾಕು. 25 ಹಾಕಿಕೊಂಡವನಿಗೆ ಭಾಗವತರೇ ಕೇಳಿಸದೆ, ಸಾಧನ ಮತ್ತೆ ಜೇಬು ಸೇರುತ್ತದೆ. ಹತ್ತಿಯನ್ನು ನಂಬಿದವರಿಗೆ ಮಾತ್ರ ಒಂದೇ ಮಾತು: ಅದು ತಡೆಯುವುದು ತೀರ ಅಲ್ಪ.

ಈಗ ಪದಗಳಿಗೆ ಬರುತ್ತೇನೆ. ‘ಬಿರಡೆ’ ಸೊಗಸಾದ ಪದ, ಸೀಸೆಗೆ ಹಾಕುವುದೂ ಅದೇ. ಆದರೆ ವೀಣೆ, ತಂಬೂರಿಯವರಿಗೆ ಬಿರಡೆ ಎಂದರೆ ಶ್ರುತಿ ತಿರುಗಿಸುವ ಗೂಟ. ಸಂಗೀತದವರ ಕರಪತ್ರದಲ್ಲಿ ‘ಕಿವಿಗೆ ಬಿರಡೆ ಹಾಕಿ’ ಎಂದರೆ ಕಿವಿ ಹಿಂಡಿದಂತೆ ಕೇಳಿಸೀತು. ‘ಸೋಸುಕ’ ಎಂದು ಒಬ್ಬರು ಸೂಚಿಸಿದರು. ಸೋಸುವುದು ಎಂದರೆ ಒಂದನ್ನು ಬಿಟ್ಟು ಒಂದನ್ನು ಹಿಡಿಯುವುದು. ಆ ಕೆಲಸ ಮಾಡುವುದು ಸ್ಪಂಜು. ಎರಡನೆಯದರ ಹೆಚ್ಚುಗಾರಿಕೆಯೇ ಅದು ಸೋಸದಿರುವುದು. ‘ಕರ್ಣರಕ್ಷಕ’, ‘ಕರ್ಣಕವಚ’ಗಳನ್ನು ಯಕ್ಷಗಾನದವರ ಮುಂದೆ ಇಡುವ ಧೈರ್ಯ ನನಗಿಲ್ಲ, ಆ ಕವಚ ಎಲ್ಲಿಗೆ ಹೋಯಿತೆಂದು ಅವರು ಅರ್ಧ ಗಂಟೆ ಅರ್ಥ ಹೇಳಿಯಾರು. ‘ಕಿವಿಗಾಪು’ ನನಗೆ ಹಿಡಿಸಿದೆ, ಕಾಪು ಎಂದರೆ ರಕ್ಷಣೆ. ಉಡುಪಿ ಕಡೆಯವರಿಗೆ ಕಾಪು ಎಂದರೆ ದೀಪಸ್ತಂಭದ ಊರು ನೆನಪಾದರೂ ಚಿಂತೆಯಿಲ್ಲ. ಬರೀ ‘ಬಿರಡೆ’ ಎನ್ನದೆ ಸ್ಪಂಜಿನದು ಕಿವಿಬಿರಡೆ, ಸಂಗೀತದ್ದು ಕಿವಿಗಾಪು, ತಲೆಯ ಮೇಲಿಂದ ಬಂದು ಕಿವಿಯನ್ನು ಹೊದಿಸುವುದು ಕಿವಿಗವಸು ಎಂದು ಹಂಚಿದರೆ ನಿಮ್ಮ ಆಕ್ಷೇಪವೇನು?

ಕ್ರಿಯಾಪದ ಇನ್ನೂ ತೊಡಕಿನದು. ‘ಸದ್ದನ್ನು ತಗ್ಗಿಸುತ್ತದೆ’ ಎಂದು ಬರೆದೆ. ಓದಿದ ಭಾಗವತರೊಬ್ಬರು, ‘ಕಪ್ಪು ಮೂರರಲ್ಲಿ ಹಾಡಿದ್ದು ಬಿಳಿ ನಾಲ್ಕರಂತೆ ಕೇಳುತ್ತದೆಯೇ?’ ಎಂದರು. ಹಾರ್ಮೋನಿಯಂ ಮನೆಗಳ ಲೆಕ್ಕದಲ್ಲಿ ಅದು ಅರ್ಧ ಸ್ವರ ಕೆಳಗಿನ ಶ್ರುತಿ. ತಗ್ಗು, ಇಳಿ, ಏರು ಎಲ್ಲವೂ ಅವರಿಗೆ ಶ್ರುತಿಯ ಮಾತು. ‘ಜೋರು ಕಡಿಮೆ ಮಾಡುತ್ತದೆ’ ಎಂದರೆ ಗೊಂದಲವಿಲ್ಲ, ಬರವಣಿಗೆಗೆ ತುಸು ಸಡಿಲ ಅನ್ನಿಸುತ್ತದೆ. ‘ಕುಗ್ಗಿಸು’ ನಡೆದೀತೇ? ‘ಗದ್ದಲ ತಡೆ’ಯನ್ನಂತೂ ಹೊಡೆದುಹಾಕಿದ್ದೇನೆ. ತನ್ನ ನುಡಿಸಾಣಿಕೆಯನ್ನು ಗದ್ದಲ ಎಂದವರ ಸಲಹೆಯನ್ನು ಯಾವ ಚೆಂಡೆಯವನೂ ಕೇಳುವುದಿಲ್ಲ.

ಕೊನೆಯದಾಗಿ ‘ಕಿವಿಗಡಚಿಕ್ಕು’. ಪತ್ರಿಕೆಗಳು ಅದನ್ನು ಸದ್ದಿನ ವಿಶೇಷಣವಾಗಿ ಸವೆಸಿವೆ. ಆಟ ಮುಗಿದ ಮೇಲೆ ಕೆಲವು ಗಂಟೆ ಕಿವಿ ಮಂದವಾಗಿ, ಮರುದಿನ ಸರಿಹೋಗುವ ಸ್ಥಿತಿಯುಂಟಲ್ಲ, ಹಾನಿಯ ಮೊದಲ ಸೂಚನೆ, ಅದಕ್ಕೆ ‘ಕಿವಿ ಗಡಚಿಕ್ಕಿದೆ’ ಎಂದು ಹೇಳುವ ರೂಢಿ ನಿಮ್ಮ ಕಡೆ ಇದೆಯೇ? ‘ಕಿವಿ ಕಟ್ಟಿದೆ’ ಎಂದರೆ ನೆಗಡಿ ಅಥವಾ ಘಾಟಿ ರಸ್ತೆ ಎಂದುಕೊಳ್ಳುತ್ತಾರೆ. ಒಳಗೇ ಗುಂಯ್‌ಗುಡುವುದಕ್ಕೆ ವೈದ್ಯರ ‘ಕರ್ಣನಾದ’ ಬೇಡ, ಕಾಯಿಲೆಗೆ ಅಷ್ಟು ಇಂಪಾದ ಹೆಸರು ಸಲ್ಲದು. ‘ಕಿವಿಮೊರೆತ’ ಎಂದು ಬರೆದಿದ್ದೇನೆ.

ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಓದಿದವರು ಬಳಗದಲ್ಲಿದ್ದರೆ, ರೋಗಿಗಳೊಡನೆ ಕನ್ನಡದಲ್ಲಿ ಮಾತಾಡುವಾಗ ಈ ಎರಡು ಸ್ಥಿತಿಗಳಿಗೆ ಏನನ್ನುತ್ತೀರಿ ಎಂದು ತಿಳಿಸಿ. ಡೊಳ್ಳು, ತಮಟೆಯವರ ನಡುವೆ ಓಡಾಡುವವರು ಅವರ ಬಾಯಲ್ಲಿ ಕೇಳಿದ್ದನ್ನು ಕೇಳಿದ ಹಾಗೆಯೇ ಬರೆಯಿರಿ, ತಿದ್ದಬೇಡಿ.